ಪಕ್ಕದವರ ಹಲಗೆ ತಿದ್ದುವ ವಿದ್ಯೆ

ಕ್ರಿ.ಶ. 1623ರ ಮಾತು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ. ಇಕ್ಕೇರಿಗೆ ಹೋಗುವ ಗಟ್ಟದ ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯ ಮೇಲೆ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ನೆಲದ ಮೇಲೆ ನುಣ್ಣನೆಯ ಮರಳು ಹರಡಿತ್ತು. ಒಬ್ಬ ಹುಡುಗ ಪಾಠವನ್ನು ರಾಗವಾಗಿ ಹೇಳುತ್ತಾ ಬೆರಳಿನಿಂದ ಮರಳಿನಲ್ಲಿ ಬರೆಯುತ್ತಿದ್ದ. ಉಳಿದ ಮೂವರು ಅದನ್ನೇ ಹಾಡಿ ಅದನ್ನೇ ಬರೆಯುತ್ತಿದ್ದರು. ಮೇಷ್ಟ್ರು ಅಲ್ಲಿರಲಿಲ್ಲ. ನೀವು ತಪ್ಪಿದರೆ ತಿದ್ದುವವರು ಯಾರು ಎಂದು ಪ್ರವಾಸಿ ಕೇಳಿದ. ನಾಲ್ವರೂ ಒಂದೇ ಜಾಗದಲ್ಲಿ ತಪ್ಪಲಾರೆವು, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದಲೆಂದೇ ಜೊತೆಗೆ ಕೂತಿದ್ದೇವೆ ಎಂಬ ಅರ್ಥದ ಉತ್ತರವನ್ನು ಹುಡುಗರು ಕೊಟ್ಟರು. ಆ ಉತ್ತರ ಸರಿಯೆಂದೇ ಅವನಿಗೆ ಕಂಡಿತು. ತನ್ನ ಪ್ರವಾಸದ ಪತ್ರಗಳಲ್ಲಿ ಅದನ್ನು ಬರೆದಿಟ್ಟ.

ನಾಲ್ಕು ನೂರು ವರ್ಷಗಳ ನಂತರ ಇದೇ ವಿದ್ಯೆ ಹೊಸ ವೇಷ ತೊಟ್ಟು ನಮ್ಮ ಕಾಲೇಜುಗಳಿಗೆ ಬಂದಿದೆ. ವಿದ್ಯಾರ್ಥಿ ತನ್ನ ಬರಹವನ್ನು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಸಲ್ಲಿಸುತ್ತಾನೆ. ತಂತ್ರಾಂಶ ಅದನ್ನು ಬೇರೆ ಇಬ್ಬರು ಮೂವರು ಸಹಪಾಠಿಗಳಿಗೆ ಹಂಚುತ್ತದೆ. ಅವರು ಓದಿ, ತಪ್ಪು ಒಪ್ಪು ಹೇಳಿ, ಅಂಕ ಕೊಡುತ್ತಾರೆ. ಇದಕ್ಕೆ ಸಹಪಾಠಿ ಮೌಲ್ಯಮಾಪನ ಎಂದು ಹೆಸರು. ಹೊಸದೆಂದು ಕೆಲವರು ಹೊಗಳುತ್ತಾರೆ, ವಿದೇಶದ್ದೆಂದು ಕೆಲವರು ತೆಗಳುತ್ತಾರೆ. ಆದರೆ ಇದರ ಬೇರು ನಮ್ಮ ಮಣ್ಣಿನಲ್ಲೇ ಇದೆ. ಆ ಬೇರಿನ ಒಂದೆರಡು ಎಳೆಗಳು ಶ್ರೀರಂಗಪಟ್ಟಣದ ಆಸುಪಾಸಿನಲ್ಲೂ ಹಾದುಹೋಗಿವೆ.

ಕೂಲಿಮಠದ ಮರಳು

ಸರ್ಕಾರಿ ಶಾಲೆಗಳು ಬರುವ ಮುನ್ನ ನಮ್ಮ ಹಳ್ಳಿಗಳಲ್ಲಿದ್ದುದು ಕೂಲಿಮಠಗಳು. ಒಬ್ಬರೇ ಅಯ್ಯನವರು, ಹಲವು ವಯಸ್ಸಿನ ಮಕ್ಕಳು. ಮರಳಿನಲ್ಲಿ ಅಕ್ಷರ ತಿದ್ದಿದವರು ಮುಂದೆ ಓಲೆಗರಿಗೆ, ಕಪ್ಪು ಬಟ್ಟೆಯ ಕಡತಕ್ಕೆ, ಬಳಪಕ್ಕೆ ಏರುತ್ತಿದ್ದರು. ಮುಂದಿನ ಪಾಠದ ಹುಡುಗ ಹಿಂದಿನ ಪಾಠದವನ ಬರಹ ನೋಡಬೇಕು, ತಿದ್ದಬೇಕು, ಬಾಯಿಪಾಠ ಒಪ್ಪಿಸಿಕೊಳ್ಳಬೇಕು.

ಮದರಾಸು ಪ್ರಾಂತದ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ನಾಡಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಕಳಿಸಿದ. ಅವನ ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದವು. ಕನ್ನಡದವು 235, ತೆಲುಗಿನವು 226, ಮರಾಠಿ ಮತ್ತು ಸಂಸ್ಕೃತದವು ತಲಾ 23, ಪಾರ್ಸಿಯವು 21, ತಮಿಳಿನವು 4, ಇಂಗ್ಲಿಷಿನದು 1. ಮುಂದೆ ಕಲಿತ ಮಕ್ಕಳಿಂದಲೇ ಹಿಂದಿನವರಿಗೆ ಕಲಿಸುವ, ಹಾಗೆ ಕಲಿಸುವಾಗ ತಮ್ಮ ವಿದ್ಯೆಯನ್ನೂ ಗಟ್ಟಿ ಮಾಡಿಕೊಳ್ಳುವ ಕ್ರಮವನ್ನು ಅವನು ಬಾಯ್ತುಂಬ ಮೆಚ್ಚಿದ್ದಾನೆ. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯೇ ಎಂದೂ ಬರೆದಿದ್ದಾನೆ.

ಅದೇ ವರದಿಯ ಇನ್ನೊಂದು ಲೆಕ್ಕವನ್ನು ನಾವು ಮರೆಯುವಂತಿಲ್ಲ. ಒಟ್ಟು 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಮುಸ್ಲಿಮರು 243, ಅವರಲ್ಲಿ ಒಬ್ಬ ಹುಡುಗಿಯೂ ಇಲ್ಲ. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಇಂಥ ಜಗಲಿಗಳು ಮುಚ್ಚಿದ್ದವು. ಒಬ್ಬರನ್ನೊಬ್ಬರು ತಿದ್ದುವ ಪದ್ಧತಿ ಎಷ್ಟೇ ಚೆಂದವಿರಲಿ, ಜಗಲಿ ಹತ್ತಲು ಬಿಟ್ಟವರಿಗಷ್ಟೇ ಅದು ಚೆಂದ. ಈ ಮಾತನ್ನು ಬದಿಗಿಟ್ಟು ಹಳೆಯದನ್ನು ಹೊಗಳಿದರೆ ಅದು ಚರಿತ್ರೆ ಆಗುವುದಿಲ್ಲ.

ಮದರಾಸಿನ ಹುಡುಗ, ಸುಲ್ತಾನರ ಸಮ್ಮುಖ

ಇಂಗ್ಲೆಂಡು ಅನುಕರಿಸಿತು ಎಂದರೆ ಹೇಗೆ? 1789ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರೂ ಬೆಲ್ ಮದರಾಸಿನ ಎಗ್ಮೋರಿನಲ್ಲಿದ್ದ ಸೈನಿಕರ ಅನಾಥ ಮಕ್ಕಳ ಶಾಲೆಯ ಹೊಣೆ ಹೊತ್ತ. ನಾಡಶಾಲೆಯೊಂದರ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ತನ್ನ ಶಾಲೆಯಲ್ಲೂ ಹಾಗೆ ಮಾಡಿಸಿ ಎಂದು ಉಪಾಧ್ಯಾಯರಿಗೆ ಹೇಳಿದ. ಅವರು ಮನಸ್ಸಿಟ್ಟು ಮಾಡಲಿಲ್ಲ. ಆಗ ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೆ ಅಕ್ಷರದ ತರಗತಿ ಒಪ್ಪಿಸಿದ. ದೊಡ್ಡವರಿಂದ ಆಗದ ಕೆಲಸ ಹುಡುಗನಿಂದ ಆಯಿತು. ಮುಂದೆ ಇಡೀ ಶಾಲೆ ಹೀಗೆಯೇ ನಡೆಯಿತು. ತಪ್ಪು ಮಾಡಿದವನ ವಿಚಾರಣೆಗೂ ಸಹಪಾಠಿಗಳದೇ ಪಂಚಾಯಿತಿ ಕೂರುತ್ತಿತ್ತು. 1797ರಲ್ಲಿ ಬೆಲ್ ಲಂಡನ್ನಿನಲ್ಲಿ ಈ ಪ್ರಯೋಗದ ಪುಸ್ತಕ ಅಚ್ಚು ಹಾಕಿಸಿದ. ಅಲ್ಲಿ ಇದಕ್ಕೆ ಮದರಾಸು ಪದ್ಧತಿ ಎಂದೇ ಹೆಸರಾಯಿತು.

ಈ ಶಾಲೆಯ ನೂಲು ಶ್ರೀರಂಗಪಟ್ಟಣದ ಅರಮನೆಗೂ ತಗಲುತ್ತದೆ. 1792ರ ಒಪ್ಪಂದದಂತೆ ಟಿಪ್ಪು ಸುಲ್ತಾನರು ತಮ್ಮ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಟ್ಟಿದ್ದರು. 1794ರಲ್ಲಿ ಆ ರಾಜಕುಮಾರರನ್ನು ತಂದೆಗೆ ಒಪ್ಪಿಸಲು ಕ್ಯಾಪ್ಟನ್ ಡವ್‌ಟನ್ ಬಂದಾಗ ಅವನ ಜೊತೆ ವಿಲಿಯಂ ಸ್ಮಿತ್ ಎಂಬ ಹದಿಹರೆಯದ ಹುಡುಗನೂ ಇದ್ದ. ಬೆಲ್‌ನ ಶಾಲೆಯಲ್ಲಿ ಕಲಿತವನು. ಆ ಹುಡುಗ ಸುಲ್ತಾನರ ಎದುರು ನಿಂತು ವಿಜ್ಞಾನದ ಉಪಕರಣಗಳನ್ನು ಇಟ್ಟು ಪ್ರಯೋಗಗಳನ್ನು ತೋರಿಸಿದ. ಬೆಲ್ ಈ ಸಂಗತಿಯನ್ನು ತನ್ನ ಪುಸ್ತಕದಲ್ಲಿ ಅಭಿಮಾನದಿಂದ ದಾಖಲಿಸಿದ್ದಾನೆ.

ಮಕ್ಕಳನ್ನು ಎರಡು ವರ್ಷ ಶತ್ರುವಿನ ವಶಕ್ಕೆ ಕೊಟ್ಟಿದ್ದ ತಂದೆ, ಅದೇ ಶತ್ರುವಿನ ಶಾಲೆಯ ಹುಡುಗನಿಂದ ಪಾಠ ನೋಡುತ್ತಾರೆ. ಅವರು ಓದುವ ಗೀಳಿನವರು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಸಿಕ್ಕ ಗ್ರಂಥಾಲಯದಲ್ಲಿ ಸುಮಾರು 2000 ಸಂಪುಟಗಳಿದ್ದವು. ಚಾರ್ಲ್ಸ್ ಸ್ಟುವರ್ಟ್ 1809ರಲ್ಲಿ ಅವುಗಳ ಪಟ್ಟಿ ಪ್ರಕಟಿಸಿದ. ಸೋತವನ ಪುಸ್ತಕಗಳನ್ನು ಗೆದ್ದವನು ಎಣಿಸಿ ಬರೆದ ಪಟ್ಟಿ ಅದು. ಆದರೂ ಸುಲ್ತಾನರ ಓದಿಗೆ ಇವತ್ತಿಗೂ ಅದೇ ಸಾಕ್ಷಿ.

ಮದರಾಸು ಪದ್ಧತಿಯ ಕೊನೆ ಮಾತ್ರ ಸಂತೋಷದ್ದಲ್ಲ. ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ 1798ರಲ್ಲಿ ತೆರೆದ ಶಾಲೆಯಲ್ಲಿ ಇಂಥದೇ ಕ್ರಮವಿತ್ತು. ಒಬ್ಬ ಮೇಷ್ಟ್ರಿಂದ ನೂರಾರು ಮಕ್ಕಳನ್ನು ನಿಭಾಯಿಸಬಹುದೆಂಬ ಅಗ್ಗದ ಗುಣವೇ ಆಳುವವರಿಗೆ ಹಿಡಿಸಿತು. ತಿದ್ದುವ ಹುಡುಗರು ಹವಾಲ್ದಾರರಾದರು. ಕಲಿಕೆ ಕವಾಯತು ಆಯಿತು. 1846ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎಳೆಯರಿಗೆ ತರಬೇತಿ ಕೊಟ್ಟು ಶಿಕ್ಷಕರನ್ನಾಗಿ ಮಾಡುವ ಬೇರೆ ವ್ಯವಸ್ಥೆ ತರಬೇಕಾಯಿತು. ಮೇಷ್ಟ್ರ ಹೊರೆ ಇಳಿಸಲೆಂದೇ ಮಕ್ಕಳ ಕೈಗೆ ಕೆಂಪು ಶಾಯಿ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದು ಪಾಠ.

ತಕ್ರಾರ್ ಮತ್ತು ತಕರಾರು

ಮದ್ರಸಾಗಳಲ್ಲಿ ಓದಿದವರಿಗೆ ತಕ್ರಾರ್ ಎಂಬ ಪದ ಗೊತ್ತಿರುತ್ತದೆ. ಹಗಲು ಉಸ್ತಾದರು ಹೇಳಿದ ಪಾಠವನ್ನು ಸಂಜೆ ವಿದ್ಯಾರ್ಥಿಗಳು ವೃತ್ತವಾಗಿ ಕೂತು ಮತ್ತೆ ಓದುತ್ತಾರೆ. ಒಬ್ಬ ವಿವರಿಸುತ್ತಾನೆ, ಉಳಿದವರು ತಡೆದು ಕೇಳುತ್ತಾರೆ. ಅರಬಿಯಲ್ಲಿ ಈ ಪದಕ್ಕೆ ಪುನರಾವರ್ತನೆ ಎಂದಷ್ಟೇ ಅರ್ಥ. ಕನ್ನಡಕ್ಕೆ ಬರುವ ಹೊತ್ತಿಗೆ ಅದು ತಕರಾರು ಆಯಿತು. ಮತ್ತೆ ಮತ್ತೆ ಕೇಳುವುದೇ ಜಗಳವೆಂದು ನಾವು ಅಂದುಕೊಂಡಿದ್ದೇವೇನೋ! ಮದ್ರಸಾದ ಜಗಲಿಯ ಮೇಲೆ ಅದು ಇವತ್ತಿಗೂ ಜಗಳವಲ್ಲ, ಓದು.

ಮಧ್ಯಯುಗದ ದೊಡ್ಡ ಮದ್ರಸಾಗಳಲ್ಲಿ ಮುಈದ್ ಎಂಬ ಸ್ಥಾನವೇ ಇತ್ತು. ಗುರುವಿನ ಪಾಠವನ್ನು ಉಳಿದವರಿಗೆ ಮರಳಿ ಹೇಳುವ ಹಿರಿಯ ವಿದ್ಯಾರ್ಥಿ ಅವನು. ಕುರ್‌ಆನ್ ಕಂಠಪಾಠ ಮಾಡಿದ ಇಬ್ಬರು ಹಾಫಿಝರು ಎದುರುಬದುರು ಕೂತು ಒಬ್ಬರದನ್ನೊಬ್ಬರು ಕೇಳಿ ತಿದ್ದುವ ದೌರ್ ಕೂಡ ಇದೇ ಬಳಗದ್ದು. ಹಸ್ತಪ್ರತಿಗಳ ಕಾಲದಲ್ಲಿ ಒಬ್ಬ ಮೂಲವನ್ನು ಗಟ್ಟಿಯಾಗಿ ಓದಿದರೆ ಇತರರು ತಮ್ಮ ಪ್ರತಿಗಳನ್ನು ಹೋಲಿಸಿ ನೋಡುತ್ತಿದ್ದರು. ನಿಲ್ಲಿಸಿದ ಜಾಗದಲ್ಲಿ ಬಲಗ, ಅಂದರೆ ಇಲ್ಲಿಯವರೆಗೆ ತಲುಪಿತು ಎಂದು ಅಂಚಿನಲ್ಲಿ ಗುರುತು ಹಾಕುತ್ತಿದ್ದರು. ಹಾಗೆ ಹೋಲಿಸದ ಪ್ರತಿಗೆ ಬೆಲೆ ಕಡಿಮೆ.

ಹದೀಸ್ ವಿದ್ವಾಂಸರು ಈ ಪರಿಶೀಲನೆಯನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದರು. ಪ್ರವಾದಿ(ಸ)ರವರ ಹೆಸರಿನಲ್ಲಿ ಒಂದು ಮಾತು ಬಂದರೆ ಮೊದಲ ಪ್ರಶ್ನೆ: ಇದನ್ನು ನಿಮಗೆ ಹೇಳಿದವರು ಯಾರು? ಅವರಿಗೆ ಹೇಳಿದವರು ಯಾರು? ಅವರ ಜ್ಞಾಪಕ ಎಂಥದು, ನಡತೆ ಎಂಥದು? ಇಮಾಮ್ ಬುಖಾರಿಯವರ ಗುರು ಅಲೀ ಇಬ್ನುಲ್ ಮದೀನಿಯವರು ತಮ್ಮ ಸ್ವಂತ ತಂದೆಯನ್ನೇ ದುರ್ಬಲ ವರದಿಗಾರರೆಂದು ಹೇಳಿದ ಪ್ರಸಂಗ ಪ್ರಸಿದ್ಧ. ಮಗ ತಂದೆಯ ಮೇಲೆ ಸೇಡು ತೀರಿಸಿಕೊಂಡದ್ದಲ್ಲ ಅದು. ಧರ್ಮದ ವಿಷಯದಲ್ಲಿ ನೆಂಟಸ್ತನ ನೋಡಲಾಗದು ಎಂಬ ನಿಲುವು. ಸ್ನೇಹಿತನಿಗೆ ಹತ್ತಕ್ಕೆ ಹತ್ತು ಕೊಡುವ ಇವತ್ತಿನ ಹುಡುಗನ ಮುಂದೆ ಇಡಬೇಕಾದ ಉದಾಹರಣೆ ಇದು.

ಇದರ ಪಕ್ಕದಲ್ಲೇ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯನ್ನು ಇಟ್ಟು ನೋಡಬಹುದು. ಅಲ್ಲಿನ ಸಂಸ್ಕೃತ ಪಾಠಶಾಲೆ 1854ರಷ್ಟು ಹಳೆಯದು. ಶಾಸ್ತ್ರ ಕಲಿತವರು ವಾಕ್ಯಾರ್ಥ ಸಭೆಯಲ್ಲಿ ಎದುರು ಬದುರು ಕೂರುತ್ತಾರೆ. ಅಲ್ಲಿನ ಶಿಸ್ತು ದೊಡ್ಡದು. ಎದುರಾಳಿಯ ವಾದವನ್ನು ಖಂಡಿಸುವ ಮುನ್ನ ಅದನ್ನು ಪೂರ್ವಪಕ್ಷವಾಗಿ ಸರಿಯಾಗಿ ಮಂಡಿಸಬೇಕು. ಎದುರಿನವನು ಹೇಳದೇ ಇದ್ದುದನ್ನು ಅವನ ಬಾಯಿಗೆ ತುರುಕಿ ಗೆಲ್ಲುವಂತಿಲ್ಲ. ಶ್ರೀರಂಗಪಟ್ಟಣದಲ್ಲಿ ಸುಲ್ತಾನರು ಕಟ್ಟಿಸಿದ ಮಸ್ಜಿದೆ ಅಲಾದ ಮಿನಾರುಗಳಿಗೂ ಮೇಲುಕೋಟೆಯ ಬೆಟ್ಟಕ್ಕೂ ಕೆಲವೇ ಹರದಾರಿ. ಎರಡೂ ಕಡೆಯ ವಿದ್ಯಾ ಪರಂಪರೆ ಹೇಳುವುದು ಒಂದೇ: ಮೊದಲು ಕೇಳು, ಆಮೇಲೆ ತೂಗು.

ಅಂಕದ ಕಾಲ

ಮೈಸೂರಿನಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಬಂತು. 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂತು. ಕೂಲಿಮಠ ಹಿಂದೆ ಸರಿಯಿತು. ಬಾಗಿಲು ಮುಚ್ಚಿಸಿಕೊಂಡಿದ್ದವರ ಮಕ್ಕಳಿಗೂ ನಿಧಾನವಾಗಿ ಶಾಲೆ ದಕ್ಕಿತು ಎಂಬುದು ದೊಡ್ಡ ಲಾಭ. ನಷ್ಟವೂ ಆಯಿತು. ತಿದ್ದುವ ಅಧಿಕಾರ ಪೂರ್ತಿಯಾಗಿ ಮೇಷ್ಟ್ರ ಮೇಜಿಗೆ, ಅಲ್ಲಿಂದ ಪಬ್ಲಿಕ್ ಪರೀಕ್ಷೆಯ ಕಾಣದ ಕೈಗಳಿಗೆ ಹೋಯಿತು. ಪಕ್ಕದವನ ಹಲಗೆ ನೋಡುವುದು ಕಾಪಿ ಹೊಡೆಯುವ ಅಪರಾಧವಾಯಿತು.

ಮರಳಿ ಬಂದ ದಾರಿಯೂ ನಮ್ಮ ಪಕ್ಕದ್ದೇ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಮಕ್ಕಳು ತಟ್ಟೆಗಳೆಂಬ ಐದು ಗುಂಪುಗಳಲ್ಲಿ ಕೂರುತ್ತಾರೆ. ಅವುಗಳಲ್ಲಿ ಎರಡು ಗುಂಪುಗಳು ಪೂರ್ತಿಯಾಗಿಯೋ ಭಾಗಶಃವೋ ಸಹಪಾಠಿಗಳ ನೆರವಿನಿಂದಲೇ ಕಲಿಯುವಂಥವು. 2002ರಲ್ಲಿ ಹೊರಬಂದ ಮೂಡಲ್ ಎಂಬ ಉಚಿತ ತಂತ್ರಾಂಶದಲ್ಲಿ ವರ್ಕ್‌ಶಾಪ್ ಎಂಬ ವಿಭಾಗವಿದೆ. ಅದರಲ್ಲಿ ಬರಹ ಸಲ್ಲಿಸುವ ಹಂತ, ಪರಸ್ಪರ ತೂಗುವ ಹಂತ, ಕೊನೆಗೆ ಮೇಷ್ಟ್ರು ನೋಡಿ ಮುಗಿಸುವ ಹಂತ ಬೇರೆ ಬೇರೆ. ವಿದ್ಯಾರ್ಥಿಗೆ ಬರೆದದ್ದಕ್ಕೊಂದು ಅಂಕ, ಇನ್ನೊಬ್ಬರ ಬರಹವನ್ನು ಎಷ್ಟು ನ್ಯಾಯವಾಗಿ ತೂಗಿದ ಎಂಬುದಕ್ಕೊಂದು ಅಂಕ. 2012ರಲ್ಲಿ ಕೋರ್ಸೆರಾದಂಥ ಸಂಸ್ಥೆಗಳು ಸಾವಿರಾರು ಮಂದಿಯ ತರಗತಿಗಳಿಗೆ ಸಹಪಾಠಿ ಮೌಲ್ಯಮಾಪನವನ್ನು ಬಳಸಿದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಕ್ಕಳ ಪ್ರಗತಿ ಪತ್ರದಲ್ಲಿ ಸಹಪಾಠಿಗಳ ಅಭಿಪ್ರಾಯವೂ ಇರಬೇಕೆಂದಿತು. ನೀತಿಗಳು ಬರುತ್ತವೆ, ಹೋಗುತ್ತವೆ. ಈ ವಿದ್ಯೆ ಯಾವ ನೀತಿಗಿಂತಲೂ ಹಳೆಯದು.

ಒಂದು ತರಗತಿಯ ಅನುಭವ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕುಗಳಿಂದ ಬಸ್ಸು ಹತ್ತಿ ಬರುವ ಪದವಿ ವಿದ್ಯಾರ್ಥಿಗಳಿಗೆ ಚರಿತ್ರೆ ಕಲಿಸುವವರು ನಾವು. ನಮ್ಮೂರ ಚರಿತ್ರೆ ಎಂಬ ವಿಷಯ ಕೊಟ್ಟು, ಒಬ್ಬೊಬ್ಬರ ಬರಹವನ್ನು ಮೂವರು ಓದುವಂತೆ ಅಂತರ್ಜಾಲದಲ್ಲಿ ಏರ್ಪಾಡು ಮಾಡಿದೆವು. ಮೊದಲ ಸಲ ಸೋತೆವು. ಸೂಪರ್, ಚೆನ್ನಾಗಿದೆ ಎಂಬ ಎರಡು ಮಾತು, ಹತ್ತಕ್ಕೆ ಹತ್ತು ಅಂಕ. ಎಲ್ಲೋ ಒಂದೆರಡು ಕಡೆ ಹಾಸ್ಟೆಲ್ಲಿನ ಹಳೆಯ ಸಿಟ್ಟಿಗೆ ಹತ್ತಕ್ಕೆ ಎರಡು. ಉರ್ದು ಮಾಧ್ಯಮದಿಂದ ಬಂದ ಹುಡುಗಿಯೊಬ್ಬಳ ಬರಹದಲ್ಲಿ ಮೂವರೂ ಣ-ನ, ಳ-ಲ ತಪ್ಪುಗಳಿಗೆ ಗೆರೆ ಎಳೆದಿದ್ದರು. ತನ್ನೂರಿನ ಬಾಬಯ್ಯನ ಹಬ್ಬದಲ್ಲಿ ಯಾವ ಮನೆಯವರಿಗೆ ಯಾವ ಕೆಲಸ ಎಂದು ಅವಳು ಅಜ್ಜಿಯಿಂದ ಕೇಳಿ ಬರೆದಿದ್ದಳು. ಅದನ್ನು ಒಬ್ಬರೂ ಗಮನಿಸಿರಲಿಲ್ಲ.

ತಪ್ಪು ನಮ್ಮದೇ ಎಂದು ಆಮೇಲೆ ಗೊತ್ತಾಯಿತು. ತೂಗುವುದನ್ನು ಕಲಿಸದೆ ತಕ್ಕಡಿ ಕೈಗೆ ಕೊಟ್ಟಿದ್ದೆವು. ಮುಂದಿನ ಸಲ ಒಂದು ಮಾದರಿ ಬರಹವನ್ನು ಎಲ್ಲರೂ ಕೂತು ತಿದ್ದಿದೆವು. ಹೆಸರು ತೆಗೆದು ಸಂಖ್ಯೆ ಹಾಕಿದೆವು. ಊರು, ಹಬ್ಬಗಳ ಹೆಸರು ಬಂದ ಕೂಡಲೇ ಬರೆದವರ ಗುರುತು ಸಿಗುವುದನ್ನು ತಡೆಯಲಾಗಲಿಲ್ಲ, ಹಾಗಾಗಿ ಒಂದೇ ಊರಿನವರಿಗೆ ಒಂದೇ ಊರಿನ ಬರಹ ಹೋಗದಂತೆ ನಾವೇ ಹಂಚಿದೆವು. ಮನೆಗೊಂದೇ ಫೋನ್ ಇದ್ದವರಿಗೆ ಹಾಳೆಯಲ್ಲಿ ಬರೆದುಕೊಡಲು ಬಿಟ್ಟು, ಅದರ ಫೋಟೋ ನಾವೇ ಏರಿಸಿದೆವು. ಅಂಕದ ಬದಲು ಮೂರು ಪ್ರಶ್ನೆ ಇಟ್ಟೆವು: ಇದನ್ನು ಯಾರು ಹೇಳಿದರು? ನೀವು ಎಲ್ಲಿ ನೋಡಿದಿರಿ? ಬೇರೆ ಥರ ಹೇಳುವವರು ಇದ್ದಾರೆಯೇ? ಹದೀಸ್ ಶಾಸ್ತ್ರದ ಪ್ರಶ್ನೆ ಎಂದೋ ವಾಕ್ಯಾರ್ಥದ ಪ್ರಶ್ನೆ ಎಂದೋ ಹೇಳಲಿಲ್ಲ. ಕೊನೆಯ ಅಂಕ ನಮ್ಮದು, ಎಲ್ಲ ವಿಮರ್ಶೆಗಳನ್ನೂ ನಾವು ಓದುತ್ತೇವೆ ಎಂದು ಮೊದಲೇ ಹೇಳಿದೆವು. ಹೊರೆ ಇಳಿಯಲಿಲ್ಲ, ಹೆಚ್ಚಾಯಿತು.

ಈ ಮೂರು ಪ್ರಶ್ನೆಗಳ ಬೆಲೆ ಈ ಜಿಲ್ಲೆಗೆ ಗೊತ್ತು. 2023ರ ಮಾರ್ಚಿನಲ್ಲಿ ಟಿಪ್ಪು ಸುಲ್ತಾನರನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಇಬ್ಬರು ಒಕ್ಕಲಿಗರು ಎಂಬ ಕಥೆ ಚುನಾವಣೆಯ ಹೊಸ್ತಿಲಲ್ಲಿ ಹಬ್ಬಿತು. ಮಂಡ್ಯದಲ್ಲಿ ಅವರ ಹೆಸರಿನ ಸ್ವಾಗತ ಕಮಾನೂ ಎದ್ದು, ಇಳಿಯಿತು. ಸಿನಿಮಾ ಮಾಡುವ ಮಾತೂ ಬಂತು. ಆಗ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು, ಶಾಸನ, ದಾಖಲೆಗಳ ಆಧಾರವಿಲ್ಲದೆ ಈ ವಿಷಯ ಬೆಳೆಸಬಾರದು ಎಂಬ ಅರ್ಥದ ಮಾತು ಹೇಳಿದರು. ಸಿನಿಮಾದ ಯೋಚನೆ ಅಲ್ಲಿಗೆ ನಿಂತಿತು. ತಮ್ಮ ಸಮುದಾಯಕ್ಕೆ ಹಿರಿಮೆ ತರುವಂತೆ ಹೆಣೆದ ಕಥೆಗೇ ಆಧಾರ ಕೇಳಿದ ಆ ಮಾತಿಗೂ, ತಂದೆಯ ವರದಿಗೆ ದುರ್ಬಲ ಎಂದ ಇಬ್ನುಲ್ ಮದೀನಿಯವರ ಮಾತಿಗೂ ನೆಂಟಸ್ತನವಿದೆ.

2024ರ ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ವೇಳೆ ಗಲಭೆಯಾಯಿತು. ಕಲ್ಲು ತೂರಾಟವಾಯಿತು, ಅಂಗಡಿಗಳು ಸುಟ್ಟವು. ಅದಾದ ಮೇಲೆ ನಮ್ಮೂರ ಚರಿತ್ರೆಯಲ್ಲಿ ಆ ರಾತ್ರಿಯೂ ಬಂತು. ಒಬ್ಬ ಹುಡುಗ ಎಲ್ಲ ತಪ್ಪನ್ನೂ ಆ ಕಡೆಯವರ ಮೇಲೆ ಹಾಕಿ ಮೂರು ಪುಟ ಬರೆದಿದ್ದ. ಅವನು ಯಾವ ಕಡೆಯವನು ಎಂದು ಇಲ್ಲಿ ಹೇಳಬೇಕಾಗಿಲ್ಲ. ಆ ಬರಹವನ್ನು ಮಕ್ಕಳಿಗೆ ಹಂಚಬೇಕೇ ಬೇಡವೇ ಎಂದು ನಾವು ಎರಡು ದಿನ ಯೋಚಿಸಿದೆವು. ಕೊನೆಗೆ ಬೈಗುಳದ ಎರಡು ಸಾಲು ತೆಗೆಸಿ ಹಂಚಿದೆವು. ಕೆ.ಆರ್. ಪೇಟೆಯ ಕಡೆಯ ಹುಡುಗಿಯೊಬ್ಬಳು ಒಂದೇ ಪ್ರಶ್ನೆ ಬರೆದಿದ್ದಳು: ಇದರಲ್ಲಿ ನೀವು ಕಣ್ಣಾರೆ ಕಂಡದ್ದು ಯಾವುದು?

ಹುಡುಗ ವಾರದ ನಂತರ ಬರಹವನ್ನು ಮೂರು ಭಾಗ ಮಾಡಿ ತಂದ. ನಾನು ಕಂಡದ್ದು, ನನಗೆ ಹೇಳಿದ್ದು, ಫೋನಿನಲ್ಲಿ ಬಂದದ್ದು. ಮೊದಲ ಭಾಗ ಐದು ಸಾಲು. ಸುಟ್ಟ ಅಂಗಡಿಯ ಮುಂದೆ ಬೂದಿಯಲ್ಲಿ ಏನೋ ಹುಡುಕುತ್ತಿದ್ದ ಒಬ್ಬ ಮುದುಕರು. ಆ ಅಂಗಡಿಯಲ್ಲಿ ಅವನು ಚಿಕ್ಕಂದಿನಲ್ಲಿ ಪೆನ್ಸಿಲ್ ಕೊಂಡಿದ್ದನಂತೆ. ಆ ಐದು ಸಾಲು ಚರಿತ್ರೆ. ಉಳಿದ ಎರಡು ಭಾಗಗಳನ್ನು ಇನ್ನೂ ಪರಿಶೀಲಿಸಬೇಕು ಎಂದು ಅವನೇ ಅಡಿಯಲ್ಲಿ ಬರೆದಿದ್ದ.

ಒಂದು ಜನರ ಮೇಲಿನ ಸಿಟ್ಟು ನಿಮ್ಮನ್ನು ನ್ಯಾಯದಿಂದ ತಪ್ಪಿಸದಿರಲಿ ಎಂಬ ಭಾವದ ಆಜ್ಞೆ ಕುರ್‌ಆನಿನ ಅಲ್ ಮಾಇದಃ ಅಧ್ಯಾಯದಲ್ಲಿದೆ. ಒಬ್ಬ ವಿಶ್ವಾಸಿಯನ್ನು ಇನ್ನೊಬ್ಬ ವಿಶ್ವಾಸಿಯ ಕನ್ನಡಿಗೆ ಪ್ರವಾದಿ(ಸ)ರವರು ಹೋಲಿಸಿದ್ದಾರೆ. ಕನ್ನಡಿ ಮುಖದ ಮಸಿಯನ್ನು ತೋರಿಸುತ್ತದೆ, ಊರಿಗೆಲ್ಲ ಸಾರುವುದಿಲ್ಲ. ಪಕ್ಕದವರ ಬರಹ ತಿದ್ದುವವರಿಗೆ ಇದಕ್ಕಿಂತ ಬೇರೆ ಸೂಚನೆ ಬೇಕೇ?

ಇಕ್ಕೇರಿಯ ದಾರಿಯ ಆ ನಾಲ್ವರು ಹುಡುಗರು, ಎಲ್ಲರೂ ಒಂದೇ ಜಾಗದಲ್ಲಿ ತಪ್ಪುವುದಿಲ್ಲ ಎಂದು ನಂಬಿದ್ದರು. ನಮ್ಮ ಕಾಲದಲ್ಲಿ ಆ ನಂಬಿಕೆ ಅಷ್ಟು ಸಲೀಸಲ್ಲ. ಒಂದೇ ಸುಳ್ಳು ಒಂದೇ ಗಳಿಗೆಯಲ್ಲಿ ನಾಲ್ವರ ಫೋನಿಗೂ ಬರುತ್ತದೆ, ನಾಲ್ವರೂ ಒಟ್ಟಿಗೆ ತಪ್ಪುತ್ತಾರೆ. ಅದಕ್ಕೇ ಆ ನಾಲ್ವರು ನಾಲ್ಕು ಊರಿನವರಾಗಿರಬೇಕು, ನಾಲ್ಕು ಮನೆಯವರಾಗಿರಬೇಕು, ಒಬ್ಬರ ಹಲಗೆಯನ್ನು ಒಬ್ಬರು ನೋಡುವಷ್ಟು ಹತ್ತಿರ ಕೂರಬೇಕು. ಹಾಗೆ ಕೂರಿಸುವ ಕೆಲಸವನ್ನು ಯಾವ ತಂತ್ರಾಂಶವೂ ಮಾಡಿಕೊಡುವುದಿಲ್ಲ. ಅದು ಇವತ್ತಿಗೂ ಮೇಷ್ಟ್ರದೇ ಕೆಲಸ.